ಅಳತೆಯಿಂದ ಶುರುಮಾಡಿ: ಸಂವೇದನೆ ಮತ್ತು ಗ್ರಹಿಕೆ ಓದುವ ಬಗೆ

ಪ್ರಶ್ನೆ: ಪದವಿಯ ಎರಡನೇ ವರ್ಷದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ಈ ಸಲ ‘ಸಂವೇದನೆ ಮತ್ತು ಗ್ರಹಿಕೆ’ ಎಂಬ ಪತ್ರಿಕೆ ಇದೆ. ಕಣ್ಣು, ಕಿವಿಗಳ ಭಾಗಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ವಾರದೊಳಗೆ ಮರೆತುಹೋಗುತ್ತವೆ. ಬಣ್ಣದ ಎರಡು ಸಿದ್ಧಾಂತಗಳಲ್ಲಿ ಯಾವುದು ಸರಿ ಎಂಬುದು ಗೊತ್ತಾಗುತ್ತಿಲ್ಲ. ಪ್ರಾಯೋಗಿಕ ತರಗತಿಯಲ್ಲಿ ಮುಲ್ಲರ್-ಲಯರ್ ಪ್ರಯೋಗ (ಸಮ ಉದ್ದದ ಎರಡು ಗೆರೆಗಳು ತುದಿಯ ರೆಕ್ಕೆಗಳಿಂದಾಗಿ ಬೇರೆ ಉದ್ದವಾಗಿ ಕಾಣುವ ಭ್ರಮೆಯನ್ನು ಅಳೆಯುವುದು) ಮಾಡಿದಾಗ ನನಗೂ ನನ್ನ ಜೊತೆಗಾರ್ತಿಗೂ ತೀರಾ ಬೇರೆ ಬೇರೆ ಅಂಕಿ ಬಂದವು. ಥ್ರೆಶೋಲ್ಡ್ ಅಳೆದರೂ ಪ್ರತಿ ಸಲ ಬೇರೆ ಬರುತ್ತದೆ. ತಪ್ಪು ಎಲ್ಲಾಗುತ್ತಿದೆ? ಈ ಪತ್ರಿಕೆಯನ್ನು ಹೇಗೆ ಓದಬೇಕು?

ಉತ್ತರ: ನಿಮ್ಮ ಕೊನೆಯ ತೊಡಕನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಉಳಿದವಕ್ಕೆ ದಾರಿ ಅಲ್ಲಿಂದಲೇ ಸಿಗುತ್ತದೆ. ಥ್ರೆಶೋಲ್ಡ್ ಪ್ರತಿ ಸಲ ಸ್ವಲ್ಪ ಬೇರೆ ಬಂದಿದ್ದರೆ ನೀವು ಪ್ರಾಮಾಣಿಕವಾಗಿ ಅಳೆದಿದ್ದೀರಿ ಎಂದೇ ಅರ್ಥ. ಥ್ರೆಶೋಲ್ಡ್ ಎಂದರೆ ಹೊಸ್ತಿಲು. ಮನೆಯ ಹೊಸ್ತಿಲು ಒಂದೇ ಕಡೆ ಇರುತ್ತದೆ, ಈಚೆಗಿದ್ದರೆ ಹೊರಗೆ, ದಾಟಿದರೆ ಒಳಗೆ. ಇಂದ್ರಿಯದ ಹೊಸ್ತಿಲು ಮಾತ್ರ ಕದಲುತ್ತಲೇ ಇರುತ್ತದೆ. ಅದೇ ಮೆಲುಸದ್ದನ್ನು ಅದೇ ಕಿವಿಗೆ 20 ಸಲ ಕೇಳಿಸಿದರೆ 11 ಸಲ ‘ಕೇಳಿತು’ ಎಂಬ ಉತ್ತರ ಬರಬಹುದು, 9 ಸಲ ‘ಇಲ್ಲ’ ಎಂದು ಬರಬಹುದು. ಸದ್ದಿಲ್ಲದಾಗಲೂ ನರಕೋಶಗಳು ತಮ್ಮಷ್ಟಕ್ಕೆ ಮಿಡಿಯುತ್ತಿರುತ್ತವೆ, ಗಮನ ಏರಿಳಿಯುತ್ತದೆ, ಉಸಿರಿನ ಸದ್ದು ಅಡ್ಡ ಬರುತ್ತದೆ. ಅದಕ್ಕೇ ಥ್ರೆಶೋಲ್ಡನ್ನು ‘ನೂರಕ್ಕೆ 50 ಸಲ ಗುರುತಿಸಲಾಗುವ ತೀವ್ರತೆ’ ಎಂದು ಹೇಳುವುದು. ಇದು ಒಪ್ಪಂದದಿಂದ ಗೊತ್ತುಮಾಡಿಕೊಂಡ ಬಿಂದು. ಕಿವಿಯೊಳಗೆ ಎಲ್ಲೂ ಅಂಥ ಗೆರೆ ಎಳೆದಿಲ್ಲ.

ಈ ಪತ್ರಿಕೆಯ ಪ್ರತಿ ಹೇಳಿಕೆಯ ಹಿಂದೆಯೂ ಹೀಗೇ ಯಾರೋ ಒಂದು ಅಳತೆ ಮಾಡಿದ್ದಾರೆ. ಆ ಅಳತೆಯ ಸಮೇತ ಓದಿದ್ದು ನೆನಪಿನಲ್ಲಿ ನಿಲ್ಲುತ್ತದೆ, ಬರೀ ಹೆಸರು ಓದಿದ್ದು ಜಾರುತ್ತದೆ. ಹಾಗಾಗಿ ಪುಸ್ತಕದಲ್ಲಿ ಮನೋಭೌತಶಾಸ್ತ್ರದ, ಅಂದರೆ ಹೊರಗಿನ ಉದ್ದೀಪನಕ್ಕೂ (ಬೆಳಕು, ಸದ್ದು, ತೂಕ) ಒಳಗಿನ ಅನುಭವಕ್ಕೂ ಇರುವ ನಂಟನ್ನು ಅಳೆಯುವ ಶಾಸ್ತ್ರದ, ಅಧ್ಯಾಯ ಒಣಗಿದಂತೆ ಕಂಡರೂ ಅದನ್ನು ದಾಟಿಸಿ ಕಣ್ಣಿನ ಚಿತ್ರಕ್ಕೆ ಹಾರಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ.

ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಫೆಕ್ನರ್ 1860ರಲ್ಲಿ ಮುಂದಿಟ್ಟ ಮೂರು ಅಳತೆಯ ವಿಧಾನಗಳು ಇಂದಿಗೂ ಪ್ರಯೋಗಾಲಯದಲ್ಲಿ ಬಳಕೆಯಲ್ಲಿವೆ. ಮಿತಿ ವಿಧಾನದಲ್ಲಿ ತೀವ್ರತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತೀರಿ, ಇಳಿಸುತ್ತೀರಿ. 2 ಡೆಸಿಬೆಲ್‌ನ ಮೆಟ್ಟಿಲಿನಲ್ಲಿ ಏರುವಾಗ 12ಕ್ಕೆ ‘ಇಲ್ಲ’, 14ಕ್ಕೆ ‘ಕೇಳಿತು’ ಎಂದರೆ ಆ ಸರಣಿಯ ಮೌಲ್ಯ 13. ಏರುವ, ಇಳಿಯುವ ಸರಣಿಗಳನ್ನು ಸಮಸಂಖ್ಯೆಯಲ್ಲಿ ಮಾಡಿ ಸರಾಸರಿ ತೆಗೆಯಬೇಕು. ಯಾಕೆ ಎರಡೂ ಬೇಕು? ‘ಇಲ್ಲ, ಇಲ್ಲ’ ಎನ್ನುತ್ತಾ ಬಂದವರು ಅದೇ ರೂಢಿಯಲ್ಲಿ ಸದ್ದು ಕೇಳಿದ ಮೇಲೂ ಒಂದೆರಡು ಸಲ ‘ಇಲ್ಲ’ ಎಂದುಬಿಡುತ್ತಾರೆ. ಏರುವ ಸರಣಿಯಲ್ಲಿ ಥ್ರೆಶೋಲ್ಡ್ ಮೇಲಕ್ಕೆ ಸರಿಯುತ್ತದೆ. ಅದು ರೂಢಿದೋಷ. ‘ಇಷ್ಟೊತ್ತಿಗೆ ಕೇಳಲೇಬೇಕಲ್ಲ’ ಎಂದು ಮುಂಚೆಯೇ ‘ಕೇಳಿತು’ ಎನ್ನುವುದು ನಿರೀಕ್ಷಾದೋಷ. ಆಗ ಏರುವ ಸರಣಿಯ ಮೌಲ್ಯ ಕೆಳಕ್ಕಿಳಿಯುತ್ತದೆ. ಇಳಿಯುವ ಸರಣಿಯಲ್ಲಿ ಎರಡೂ ತಿರುವುಮುರುವಾಗಿ ಕೆಲಸ ಮಾಡುತ್ತವೆ. ಪ್ರತಿ ಸರಣಿಯನ್ನೂ ಒಂದೇ ಮಟ್ಟದಿಂದ ಶುರುಮಾಡಿದರೆ ಜನ ಮೆಟ್ಟಿಲು ಎಣಿಸಲು ಕಲಿತುಬಿಡುತ್ತಾರೆ, ಆದ್ದರಿಂದ ಆರಂಭದ ಮಟ್ಟವನ್ನು ಬದಲಿಸುತ್ತಿರಿ.

ಹೊಂದಾಣಿಕೆ ವಿಧಾನದಲ್ಲಿ ಪ್ರಯೋಗಕ್ಕೆ ಕೂತವರೇ ಸರಿಹೊಂದಿಸುತ್ತಾರೆ. ಮುಲ್ಲರ್-ಲಯರ್ ಫಲಕದಲ್ಲಿ ನೀವು ಮಾಡಿದ್ದು ಇದನ್ನೇ. ಅಂಕಿ ಹೇಗೆ ಬೇರೆಯಾಗುತ್ತದೆಂಬುದನ್ನು ಒಂದು ಕಾಲ್ಪನಿಕ ದತ್ತಾಂಶದಲ್ಲಿ ನೋಡೋಣ. ಬಾಣದ ತಲೆ ಮುಚ್ಚಿದಂತಿರುವ ಸ್ಥಿರ ಗೆರೆ 150 ಮಿ.ಮೀ. ಇದೆ. ರೆಕ್ಕೆ ಬಿಚ್ಚಿದಂತಿರುವ ಗೆರೆಯನ್ನು ಎಳೆದೋ ತಳ್ಳಿಯೋ ಅದಕ್ಕೆ ಸಮವೆನಿಸುವಲ್ಲಿ ನಿಲ್ಲಿಸಬೇಕು. ರೆಕ್ಕೆ ಬಿಚ್ಚಿದ್ದು ಉದ್ದವಾಗಿ ಕಾಣುವುದರಿಂದ ಎಲ್ಲರೂ ಅದನ್ನು 150ಕ್ಕಿಂತ ಗಿಡ್ಡವಾಗಿಯೇ ನಿಲ್ಲಿಸುತ್ತಾರೆ. ಬದಲಾಗುವ ಗೆರೆ ಬಲಗಡೆ ಇದ್ದು, ಚಿಕ್ಕದರಿಂದ ದೊಡ್ಡದಕ್ಕೆ ಎಳೆದಾಗ ಸರಾಸರಿ 116 ಬಂತು. ಬಲಗಡೆಯೇ ಇದ್ದು ದೊಡ್ಡದರಿಂದ ಚಿಕ್ಕದಕ್ಕೆ ತಳ್ಳಿದಾಗ 124. ಫಲಕವನ್ನು ತಿರುಗಿಸಿ ಅದು ಎಡಗಡೆ ಬಂದಾಗ ಕ್ರಮವಾಗಿ 120 ಮತ್ತು 128. ನಾಲ್ಕರ ಸರಾಸರಿ 122, ಅಂದರೆ ಭ್ರಮೆಯ ಪ್ರಮಾಣ 28 ಮಿ.ಮೀ., ಶೇಕಡಾ 18.7.

ಈಗ ಇದರೊಳಗೆ ಅಡಗಿದ್ದನ್ನು ಬಿಡಿಸಿ ನೋಡಿ. ಎಳೆದಾಗಿನ ಸರಾಸರಿ 118, ತಳ್ಳಿದಾಗಿನದು 126. ವ್ಯತ್ಯಾಸದ ಅರ್ಧ, ಅಂದರೆ 4 ಮಿ.ಮೀ., ಚಲನದೋಷ. ಬಲಗಡೆಯ ಸರಾಸರಿ 120, ಎಡಗಡೆಯದು 124. ಅದರ ಅರ್ಧ 2 ಮಿ.ಮೀ. ಸ್ಥಳದೋಷ. ಒಬ್ಬರು ಬಲಗಡೆ ಇಟ್ಟು ಎಳೆಯುವುದನ್ನಷ್ಟೇ ಮಾಡಿದ್ದರೆ ಭ್ರಮೆ 34 ಎಂದು ಬರೆಯುತ್ತಿದ್ದರು. ಎಡಗಡೆ ಇಟ್ಟು ತಳ್ಳುವುದನ್ನಷ್ಟೇ ಮಾಡಿದವರು 22 ಎಂದು ಬರೆಯುತ್ತಿದ್ದರು. ಒಂದೇ ವ್ಯಕ್ತಿ, ಒಂದೇ ಫಲಕ, ಆದರೂ 12 ಮಿ.ಮೀ. ಅಂತರ. ನಿಮಗೂ ಜೊತೆಗಾರ್ತಿಗೂ ಬಂದ ವ್ಯತ್ಯಾಸದಲ್ಲಿ ಎಷ್ಟು ಪಾಲು ನಿಜವಾಗಿ ಇಬ್ಬರ ನಡುವಿನದು, ಎಷ್ಟು ಪಾಲು ಹೀಗೆ ಹುಟ್ಟಿದ್ದು ಎಂದು ಮೊದಲು ನೋಡಬೇಕು. ನಾಲ್ಕೂ ಸ್ಥಿತಿಯಲ್ಲಿ ತಲಾ 10, ಒಟ್ಟು 40 ಪ್ರಯತ್ನ ಮಾಡಿ. ಒಂದು ಸ್ಥಿತಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ ಐದೈದಾಗಿ ಒಡೆದು, ಮೊದಲ ಸುತ್ತಿನ ಕ್ರಮವನ್ನು ಎರಡನೇ ಸುತ್ತಿನಲ್ಲಿ ಹಿಂದುಮುಂದು ಮಾಡಿ. ಅಭ್ಯಾಸ ಮತ್ತು ದಣಿವು ಆಗ ಎಲ್ಲ ಸ್ಥಿತಿಗೂ ಹಂಚಿಹೋಗುತ್ತವೆ. ಅಳತೆಪಟ್ಟಿ ಇರುವ ಹಿಂಬದಿ ಕೂತವರಿಗೆ ಕಾಣಬಾರದು. ಫಲಕ ಮೇಜಿನ ಮೇಲೆ ಮಲಗಿರದೆ ಕಣ್ಣಿನ ಮಟ್ಟಕ್ಕೆ ನೇರ ನಿಂತಿರಲಿ, ದೂರ ಎಲ್ಲರಿಗೂ ಒಂದೇ ಇರಲಿ. ಪ್ರಯತ್ನಗಳ ನಡುವೆ ‘ಸರಿ’, ‘ಇನ್ನೂ ಸ್ವಲ್ಪ’ ಎಂಬ ಒಂದು ಮಾತೂ ಬೇಡ. ಬೆರಳಿಟ್ಟು ಅಳೆಯುವುದನ್ನು, ಫಲಕದ ಅಂಚನ್ನು ಗುರುತಾಗಿ ಹಿಡಿಯುವುದನ್ನು ಮೊದಲೇ ಬೇಡವೆಂದು ಹೇಳಿ. ಇಷ್ಟಾದ ಮೇಲೂ ಇಬ್ಬರ ಅಂಕಿ ಬೇರೆ ಬಂದರೆ ಅದು ನಿಜವಾದ ವ್ಯಕ್ತಿಭೇದ. ಹಾಗೆಂದೇ ಬರೆಯಿರಿ, ಅಂಕಿ ತಿದ್ದಬೇಡಿ.

ಮೂರನೆಯದಾದ ಸ್ಥಿರ ಉದ್ದೀಪನ ವಿಧಾನ ಹೆಚ್ಚು ಸಮಯ ಬೇಡುತ್ತದೆ, ಹೆಚ್ಚು ನಂಬಿಕೆಗೂ ಅರ್ಹ. ತೂಕ ಎತ್ತುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಮಾದರಿ ತೂಕ 100 ಗ್ರಾಂ; ಹೋಲಿಸಲು 88, 92, 96, 100, 104, 108, 112 ಗ್ರಾಂ. ಪ್ರತಿಯೊಂದನ್ನೂ ಕನಿಷ್ಠ 20 ಸಲ, ಕ್ರಮವಿಲ್ಲದೆ ಕೊಟ್ಟು ‘ಹೆಚ್ಚು ಭಾರ’ ಎಂದ ಪ್ರಮಾಣವನ್ನು ನಕ್ಷೆಯಲ್ಲಿ ಗುರುತಿಸಿದರೆ ಮಲಗಿದ ಎಸ್ ಆಕಾರದ ರೇಖೆ ಬರುತ್ತದೆ. ಶೇಕಡಾ 75ರ ಬಿಂದು 104.5 ಗ್ರಾಂನಲ್ಲಿ, 25ರ ಬಿಂದು 96.5ರಲ್ಲಿ ಸಿಕ್ಕರೆ ಅವೆರಡರ ಅಂತರದ ಅರ್ಧ, 4 ಗ್ರಾಂ, ಭೇದ ಥ್ರೆಶೋಲ್ಡ್, ಅಂದರೆ ವ್ಯತ್ಯಾಸ ತಿಳಿಯಲು ಬೇಕಾದ ಕನಿಷ್ಠ ಅಂತರ. ಅದನ್ನು ಮಾದರಿ ತೂಕದಿಂದ ಭಾಗಿಸಿದರೆ ವೆಬರ್ ಭಿನ್ನರಾಶಿ: 4 ಭಾಗಿಸು 100, ಅಂದರೆ 0.04. ಇಲ್ಲಿ ಕೆಡುವುದು ಎರಡು ಕಡೆ. ಡಬ್ಬಿಗಳ ಗಾತ್ರ ಬೇರೆ ಬೇರೆ ಇದ್ದರೆ ಗಾತ್ರ-ಭಾರ ಭ್ರಮೆ ನುಗ್ಗುತ್ತದೆ: ಒಂದೇ ತೂಕದ ಎರಡರಲ್ಲಿ ಚಿಕ್ಕದ್ದೇ ಭಾರವೆನಿಸುತ್ತದೆ. ಮಾದರಿಯನ್ನು ಯಾವಾಗಲೂ ಮೊದಲೇ ಎತ್ತಿಸಿದರೆ ಎತ್ತುವ ಸರದಿಯೇ ತೀರ್ಪನ್ನು ಒಂದು ಕಡೆಗೆ ವಾಲಿಸುತ್ತದೆ, ಆದ್ದರಿಂದ ಅರ್ಧ ಸಲ ಮೊದಲು, ಅರ್ಧ ಸಲ ನಂತರ ಕೊಡಿ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ‘ಕೇಳಿತು’ ಎಂದವರಿಗೆ ನಿಜವಾಗಿ ಕೇಳಿತೋ, ಅಥವಾ ಅವರು ಸುಲಭವಾಗಿ ಹೌದೆನ್ನುವ ಜಾಯಮಾನದವರೋ? ಸಿಗ್ನಲ್ ಡಿಟೆಕ್ಷನ್ ಸಿದ್ಧಾಂತ ಬಂದಿದ್ದೇ ಈ ಎರಡನ್ನು ಬೇರ್ಪಡಿಸಲು. ಟ್ಯಾನರ್ ಮತ್ತು ಸ್ವೆಟ್ಸ್ 1954ರಲ್ಲಿ ಅದನ್ನು ಮನಶ್ಶಾಸ್ತ್ರಕ್ಕೆ ತಂದರು. ವಿದ್ಯಾರ್ಥಿಗಳು ಹೆದರುವ ಅಧ್ಯಾಯ ಇದು. ಒಂದು ಲೆಕ್ಕವನ್ನು ಕೈಯಾರೆ ಮಾಡಿದರೆ ಹೆದರಿಕೆ ಹೋಗುತ್ತದೆ.

ಇಬ್ಬರಿಗೆ 100 ಸಲ ಗದ್ದಲದ ನಡುವೆ ಸದ್ದು ಕೊಟ್ಟಿರಿ, 100 ಸಲ ಬರೀ ಗದ್ದಲ ಕೊಟ್ಟಿರಿ. ಮೊದಲನೆಯವರು ಸದ್ದಿದ್ದಾಗ 84 ಸಲ ‘ಇದೆ’ ಎಂದರು (ಇವು ಹಿಟ್), ಇಲ್ಲದಿದ್ದಾಗಲೂ 16 ಸಲ ‘ಇದೆ’ ಎಂದರು (ಇವು ಫಾಲ್ಸ್ ಅಲಾರ್ಮ್). ಎರಡನೆಯವರದು 93 ಹಿಟ್, 31 ಫಾಲ್ಸ್ ಅಲಾರ್ಮ್. ಹಿಟ್ ಮಾತ್ರ ನೋಡಿದರೆ ಎರಡನೆಯವರ ಕಿವಿಯೇ ಚುರುಕು ಅನ್ನಿಸುತ್ತದೆ. ಈಗ ಪ್ರಸಾಮಾನ್ಯ ವಿತರಣೆಯ ಕೋಷ್ಟಕದಿಂದ ಝಡ್ ಮೌಲ್ಯ ತೆಗೆಯಿರಿ. 0.84ಕ್ಕೆ 0.99, 0.16ಕ್ಕೆ −0.99, ಹಿಟ್‌ನ ಝಡ್‌ನಿಂದ ಫಾಲ್ಸ್ ಅಲಾರ್ಮ್‌ನ ಝಡ್ ಕಳೆದರೆ ಡಿ-ಪ್ರೈಮ್ (ಗುರುತಿಸುವ ಸೂಕ್ಷ್ಮತೆಯ ಅಳತೆ) 1.98. ಎರಡನೆಯವರಿಗೆ 1.48 ಮತ್ತು −0.50, ಡಿ-ಪ್ರೈಮ್ 1.98. ಇಬ್ಬರ ಕಿವಿಯೂ ಒಂದೇ ಮಟ್ಟದ್ದು! ಬೇರೆಯಾದದ್ದು ‘ಇದೆ’ ಎನ್ನಲು ಅವರವರು ಇಟ್ಟುಕೊಂಡ ಮಾನದಂಡ. ಎರಡೂ ಝಡ್ ಕೂಡಿಸಿ, ಅರ್ಧ ಮಾಡಿ, ಚಿಹ್ನೆ ಬದಲಿಸಿದರೆ ಮಾನದಂಡ ಸಿಗುತ್ತದೆ: ಮೊದಲನೆಯವರಿಗೆ 0, ಎರಡನೆಯವರಿಗೆ −0.49. ಋಣ ಚಿಹ್ನೆ ಬಂದರೆ ಹೌದೆನ್ನುವ ಕಡೆ ವಾಲಿಕೆ ಎಂದರ್ಥ.

ಪ್ರಾಯೋಗಿಕದಲ್ಲಿ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವ ಜಾಗ: 20 ಪ್ರಯತ್ನದಲ್ಲಿ ಫಾಲ್ಸ್ ಅಲಾರ್ಮ್ ಒಂದೂ ಇಲ್ಲದಿದ್ದರೆ ಝಡ್ ಅನಂತಕ್ಕೆ ಹೋಗಿ ಲೆಕ್ಕ ನಿಂತುಬಿಡುತ್ತದೆ. ಆಗ ಸೊನ್ನೆಯ ಬದಲು 1 ಭಾಗಿಸು 40, ಅಂದರೆ 0.025 ಹಾಕುವುದು ರೂಢಿ; 20ಕ್ಕೆ 20 ಹಿಟ್ ಬಂದರೆ 0.975. ಹೀಗೆ ಮಾಡಿದ್ದನ್ನು ದಾಖಲೆಯಲ್ಲಿ ನಮೂದಿಸಿ.

ವೆಬರ್, ಫೆಕ್ನರ್, ಸ್ಟೀವನ್ಸ್ ಮೂವರನ್ನೂ ಕಲಸಿಬಿಡುವವರು ಬಹಳ. ಮೂವರ ಪ್ರಶ್ನೆಗಳೇ ಬೇರೆ. ವ್ಯತ್ಯಾಸ ತಿಳಿಯಲು ಎಷ್ಟು ಹೆಚ್ಚಿಸಬೇಕು ಎಂಬುದಕ್ಕೆ ವೆಬರ್‌ನ ಉತ್ತರ: ಇರುವುದರ ಒಂದು ಸ್ಥಿರ ಪಾಲಿನಷ್ಟು. ಆ ಸಣ್ಣ ಸಣ್ಣ ಹೆಜ್ಜೆಗಳನ್ನೆಲ್ಲ ಸಮವೆಂದು ಇಟ್ಟುಕೊಂಡು ಕೂಡಿಸಿ, ಅನುಭವ ಲಾಗರಿದಮ್ ರೀತಿ ಬೆಳೆಯುತ್ತದೆ ಎಂದವರು ಫೆಕ್ನರ್. ಸ್ಟೀವನ್ಸ್ ಜನರಿಂದಲೇ ನೇರವಾಗಿ ಅಂಕಿ ಹೇಳಿಸಿ, 1957ರಲ್ಲಿ ಘಾತ ನಿಯಮ ಕೊಟ್ಟರು: ಅನುಭವ ತೀವ್ರತೆಯ ಒಂದು ಘಾತದಂತೆ (ಪವರ್) ಬೆಳೆಯುತ್ತದೆ. ಕತ್ತಲಲ್ಲಿ ತೋರಿಸಿದ ಬೆಳಕಿನ ಪ್ರಖರತೆಗೆ ಘಾತ ಸುಮಾರು 0.33, ಎರಡು ಪಟ್ಟು ಬೆಳಕೆನಿಸಲು ದೀಪವನ್ನು ಸುಮಾರು 8 ಪಟ್ಟು ಹೆಚ್ಚಿಸಬೇಕು. ಗೆರೆಯ ಉದ್ದಕ್ಕೆ 1 ಇದ್ದರೆ ವಿದ್ಯುತ್ ಆಘಾತಕ್ಕೆ 3.5, ಆಘಾತ ಸ್ವಲ್ಪ ಹೆಚ್ಚಿದರೂ ನೋವು ಒಮ್ಮೆಲೇ ಏರುತ್ತದೆ. ವೆಬರ್ ನಿಯಮ ಥ್ರೆಶೋಲ್ಡ್‌ನ ಹತ್ತಿರದ ತೀರಾ ಮೆಲು ಉದ್ದೀಪನಗಳಲ್ಲಿ ಕೈಕೊಡುತ್ತದೆ ಎಂಬ ಒಂದು ಸಾಲನ್ನು ಉತ್ತರದಲ್ಲಿ ಮರೆಯಬೇಡಿ.

ಇನ್ನು ಹೆಸರುಗಳ ವಿಚಾರ. ಭಾಗಗಳನ್ನು ಪಟ್ಟಿಯಾಗಿ ಓದಬೇಡಿ. ‘ಈ ರಚನೆ ಹೀಗಿರುವುದರಿಂದ ಅನುಭವದಲ್ಲಿ ಏನು ಬದಲಾಗುತ್ತದೆ?’ ಎಂಬ ಒಂದು ಪ್ರಶ್ನೆಗೆ ಕಟ್ಟಿಹಾಕಿ. ಕಣ್ಣಿನ ಹಿಂಬದಿಯ, ಬೆಳಕು ಹಿಡಿಯುವ ಪೊರೆಯಾದ ರೆಟಿನಾವನ್ನು ನೋಡಿ. ಒಂದು ಕಣ್ಣಿನಲ್ಲಿ ಸುಮಾರು 12 ಕೋಟಿ ದಂಡಕೋಶ (ಮಂದ ಬೆಳಕಿಗೆ), 60 ಲಕ್ಷ ಶಂಕುಕೋಶ (ಬಣ್ಣ ಮತ್ತು ವಿವರಕ್ಕೆ) ಎಂಬುದು ಪಠ್ಯಪುಸ್ತಕದ ಅಂಕಿ. ಹೊರಹೋಗುವ ನರತಂತುಗಳು ಮಾತ್ರ ಸುಮಾರು 10 ಲಕ್ಷ. ಅಂದಮೇಲೆ ಹಲವು ಕೋಶಗಳ ಸುದ್ದಿ ಒಂದೇ ತಂತಿಯಲ್ಲಿ ಕೂಡಿಕೊಳ್ಳಲೇಬೇಕು. ಸರಾಸರಿ ಲೆಕ್ಕದಲ್ಲಿ ಒಂದು ಗ್ಯಾಂಗ್ಲಿಯನ್ ಕೋಶಕ್ಕೆ (ಈ ನರತಂತುಗಳು ಹೊರಡುವುದು ಈ ಕೋಶಗಳಿಂದ) ಸುಮಾರು 120 ದಂಡಕೋಶಗಳು ಸುದ್ದಿ ಸೇರಿಸುತ್ತವೆ, ಶಂಕುಕೋಶಗಳಾದರೆ 6ರಷ್ಟು. ರೆಟಿನಾದ ನಟ್ಟನಡುವಿನ ಫೋವಿಯಾದಲ್ಲಿ ಒಂದಕ್ಕೆ ಒಂದರ ಹತ್ತಿರ. ನೂರಾರು ಕೋಶಗಳ ಸಣ್ಣ ಸಣ್ಣ ಸುಳಿವು ಒಟ್ಟುಗೂಡಿದರೆ ಮಂದ ಬೆಳಕೂ ಕಾಣುತ್ತದೆ, ಆದರೆ ಬೆಳಕು ಯಾವ ಕೋಶದ ಮೇಲೆ ಬಿತ್ತು ಎಂಬ ವಿವರ ಕಳೆದುಹೋಗುತ್ತದೆ. ಒಂದಕ್ಕೆ ಒಂದು ಇದ್ದಲ್ಲಿ ವಿವರ ಉಳಿಯುತ್ತದೆ, ಸೂಕ್ಷ್ಮತೆ ಹೋಗುತ್ತದೆ. ಮಂಕಾದ ನಕ್ಷತ್ರ ನೇರ ನೋಡಿದರೆ ಮಾಯವಾಗಿ, ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಾಗ ಕಾಣುವುದಕ್ಕೂ, ಪಕ್ಕನೋಟದಲ್ಲಿ ಅಕ್ಷರ ಓದಲಾಗದಿರುವುದಕ್ಕೂ ಕಾರಣ ಈ ಒಂದೇ ಏರ್ಪಾಡು. ದಂಡಕೋಶ, ಶಂಕುಕೋಶ, ಗ್ಯಾಂಗ್ಲಿಯನ್, ಫೋವಿಯಾ ನಾಲ್ಕೂ ಹೆಸರು ಒಂದು ಕಾರಣದ ದಾರಕ್ಕೆ ಪೋಣಿಸಿಕೊಂಡವಲ್ಲ, ಇನ್ನು ಮರೆಯುವುದು ಕಷ್ಟ.

ಆ ನರತಂತುಗಳು ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಗ್ರಾಹಕಕೋಶಗಳೇ ಇಲ್ಲ. ಅದನ್ನು ನೀವೇ ಅಳೆಯಬಹುದು. ಬಿಳಿ ಹಾಳೆಯ ಎಡಕ್ಕೆ ಒಂದು ಕೂಡಿಸು ಗುರುತು ಹಾಕಿ, ಅದರಿಂದ 8 ಸೆಂ.ಮೀ. ಬಲಕ್ಕೆ 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗುರುತಿನ ಮೇಲೇ ನೆಟ್ಟು ಹಾಳೆಯನ್ನು ನಿಧಾನ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ಬಂದಾಗ ಚುಕ್ಕೆ ಇಲ್ಲವಾಗುತ್ತದೆ. ಆಗದಿದ್ದರೆ ಕಣ್ಣು ಚುಕ್ಕೆಯ ಕಡೆ ಜಾರಿದೆ, ಇಲ್ಲವೇ ತಲೆ ವಾಲಿದೆ. ಈಗ ಚುಕ್ಕೆಯ ಜಾಗದ ಮೂಲಕ ಅಡ್ಡ ಗೆರೆ ಎಳೆದು ಮತ್ತೆ ನೋಡಿ: ಗೆರೆ ತುಂಡಾಗಿ ಕಾಣುವುದಿಲ್ಲ, ಸಲೀಸಾಗಿ ಸಾಗುತ್ತದೆ. ಸಂವೇದನೆ ಇಲ್ಲದ ಕಡೆ ಗ್ರಹಿಕೆ ಇದೆ! ‘ಸಂವೇದನೆಗೂ ಗ್ರಹಿಕೆಗೂ ವ್ಯತ್ಯಾಸವೇನು’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾಳೆಯನ್ನು 30 ಸೆಂ.ಮೀ.ನಲ್ಲೇ ಹಿಡಿದು, ಪೆನ್ನಿನ ತುದಿ ಮರೆಯಾಗುವ ಮತ್ತು ಮರಳುವ ಜಾಗ ಗುರುತಿಸಿದರೆ ಸುಮಾರು 3 ಸೆಂ.ಮೀ. ಅಗಲ ಬರುತ್ತದೆ, ದೃಷ್ಟಿಕೋನದಲ್ಲಿ (ವಸ್ತುವಿನ ಎರಡು ಅಂಚುಗಳು ಕಣ್ಣಿನಲ್ಲಿ ಮಾಡುವ ಕೋನ) 5ರಿಂದ 6 ಡಿಗ್ರಿ.

ಈ ದೃಷ್ಟಿಕೋನ ಎಂಬ ಅಳತೆಗೆ ಒಂದು ಸುಲಭ ಲೆಕ್ಕ: ಕಣ್ಣಿನಿಂದ 57 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎಂದರೆ 1 ಡಿಗ್ರಿ. ಕೈ ಪೂರ್ತಿ ಚಾಚಿ ಹಿಡಿದ ಹೆಬ್ಬೆರಳಿನ ಅಗಲ ಸುಮಾರು 2 ಡಿಗ್ರಿ, ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ.

ಕತ್ತಲಿಗೆ ಹೊಂದಿಕೊಳ್ಳುವ ರೇಖೆಯನ್ನು ಪರೀಕ್ಷೆಯಲ್ಲಿ ಬರೆಸುತ್ತಾರೆ, ಬಹಳ ಮಂದಿ ತಲೆಕೆಳಗಾಗಿ ಬರೆಯುತ್ತಾರೆ. ಲಂಬ ಅಕ್ಷದಲ್ಲಿರುವುದು ಥ್ರೆಶೋಲ್ಡ್. ಸೂಕ್ಷ್ಮತೆ ಹೆಚ್ಚಿದಂತೆ ಥ್ರೆಶೋಲ್ಡ್ ಇಳಿಯುತ್ತದೆ, ಹಾಗಾಗಿ ರೇಖೆ ಕೆಳಕ್ಕೆ ಹೋಗಬೇಕು. ಮೊದಲ ಕೆಲವು ನಿಮಿಷ ಬೇಗ ಇಳಿದು, ಸ್ವಲ್ಪ ಹೊತ್ತು ಸಮತಟ್ಟಾಗಿ, 7ರಿಂದ 10ನೇ ನಿಮಿಷದ ಸುಮಾರಿಗೆ ಮುರಿದು, ಮತ್ತೆ 20–30 ನಿಮಿಷದವರೆಗೆ ಇಳಿಯುತ್ತದೆ. ಮುರಿಯುವ ಮುಂಚಿನದು ಶಂಕುಕೋಶಗಳ ಕೆಲಸ, ಆಮೇಲಿನದು ದಂಡಕೋಶಗಳದ್ದು. ಇದು ಗೊತ್ತಾದದ್ದು ಹೇಗೆ? ಪರೀಕ್ಷಾ ಬೆಳಕನ್ನು ಫೋವಿಯಾದ ಮೇಲಷ್ಟೇ ಬೀಳಿಸಿದರೆ ಎರಡನೇ ಇಳಿತ ಬರುವುದೇ ಇಲ್ಲ, ಅಲ್ಲಿ ದಂಡಕೋಶಗಳಿಲ್ಲ. ಶಂಕುಕೋಶಗಳು ಕೆಲಸ ಮಾಡದ ಅಪರೂಪದ ಜನರಲ್ಲಿ ಮೊದಲ ಭಾಗ ಬರುವುದಿಲ್ಲ. ಈ ‘ಗೊತ್ತಾದದ್ದು ಹೇಗೆ’ ಎಂಬ ಎರಡು ವಾಕ್ಯವನ್ನು ಬರೆದವರು ವಿಷಯ ಅರ್ಥಮಾಡಿಕೊಂಡವರು ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ.

ನಿಮ್ಮ ಬಣ್ಣದ ಪ್ರಶ್ನೆಗೆ ಬರೋಣ. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ತ್ರಿವರ್ಣ ಸಿದ್ಧಾಂತವೂ ಸರಿ, ಹೆರಿಂಗ್ ಅವರ ವಿರುದ್ಧವರ್ಣ ಸಿದ್ಧಾಂತವೂ ಸರಿ. ಎರಡೂ ಒಂದೇ ದಾರಿಯ ಬೇರೆ ಬೇರೆ ನಿಲ್ದಾಣಗಳ ಮಾತು. ಒಂದು ಶಂಕುಕೋಶಕ್ಕೆ ತಾನು ಎಷ್ಟು ಬೆಳಕು ಹೀರಿದೆ ಎಂಬುದಷ್ಟೇ ಗೊತ್ತು, ಯಾವ ತರಂಗಾಂತರದ್ದು ಎಂಬುದು ಗೊತ್ತಿಲ್ಲ. 530 ನ್ಯಾನೋಮೀಟರಿನ ಮಂದ ಬೆಳಕೂ 600 ನ್ಯಾನೋಮೀಟರಿನ ಪ್ರಖರ ಬೆಳಕೂ ಅದರಲ್ಲಿ ಒಂದೇ ಮಟ್ಟದ ಪ್ರತಿಕ್ರಿಯೆ ಎಬ್ಬಿಸಬಲ್ಲವು. ಆದ್ದರಿಂದ ಒಂದೇ ಬಗೆಯ ಕೋಶ ಎಷ್ಟಿದ್ದರೂ ಬಣ್ಣ ಕಾಣದು. ರಾತ್ರಿ ದಂಡಕೋಶಗಳಷ್ಟೇ ದುಡಿಯುವಾಗ ಎಲ್ಲವೂ ಬೂದು ಆಗುವುದು ಅದಕ್ಕೇ. ಸುಮಾರು 420, 534 ಮತ್ತು 564 ನ್ಯಾನೋಮೀಟರಿನಲ್ಲಿ ಹೆಚ್ಚು ಹೀರುವ ಮೂರು ಬಗೆಯ ಶಂಕುಕೋಶಗಳ ಪ್ರತಿಕ್ರಿಯೆಯನ್ನು ಹೋಲಿಸಿದಾಗಲೇ ಬಣ್ಣ. ಇಲ್ಲಿಗೆ ತ್ರಿವರ್ಣ ಸಿದ್ಧಾಂತದ ಕೆಲಸ ಮುಗಿಯಿತು. ಆದರೆ ಕೆಂಪು ಛಾಯೆಯ ಹಸಿರು ಎಂಬುದನ್ನು ಯಾರೂ ಕಾಣುವುದಿಲ್ಲ ಯಾಕೆ? ಹಸಿರು ಚೌಕವನ್ನು 30 ಸೆಕೆಂಡು ದಿಟ್ಟಿಸಿ ಬಿಳಿ ಗೋಡೆ ನೋಡಿದರೆ ನಸುಗೆಂಪು ಬರುವುದೇಕೆ? ಹೋಲಿಕೆ ನಡೆಯುವ ಮುಂದಿನ ಹಂತದಲ್ಲಿ ಕೋಶಗಳು ಕೆಂಪು-ಹಸಿರು, ನೀಲಿ-ಹಳದಿ ಎಂದು ಜೋಡಿಯಾಗಿ, ಒಂದಕ್ಕೆ ಏರಿ ಇನ್ನೊಂದಕ್ಕೆ ಇಳಿಯುವಂತೆ ಕೆಲಸ ಮಾಡುತ್ತವೆ. ಹರ್ವಿಚ್ ಮತ್ತು ಜೇಮ್‌ಸನ್ 1957ರಲ್ಲಿ ಒಂದು ಬಣ್ಣವನ್ನು ಅಳಿಸಲು ಅದರ ಎದುರು ಬಣ್ಣ ಎಷ್ಟು ಬೆರೆಸಬೇಕೆಂದು ಅಳೆದು ಹೆರಿಂಗ್ ಮಾತಿಗೆ ಅಂಕಿಯ ಬಲ ಕೊಟ್ಟರು. ಯಾವುದು ಸರಿ ಎಂದು ಪಕ್ಷ ಹಿಡಿದು ಬರೆದರೆ ಅಂಕ ಹೋಗುತ್ತದೆ. ಯಾವ ಹಂತಕ್ಕೆ ಯಾವುದು ಎಂದು ಬರೆಯಿರಿ.

ಹಳೆಯ ವಿವರಣೆಗಳನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ ಎಂಬುದಕ್ಕೆ ಹರ್ಮನ್ ಜಾಲರಿ ಒಳ್ಳೆಯ ನಿದರ್ಶನ. ಕಪ್ಪು ಚೌಕಗಳ ನಡುವಿನ ಬಿಳಿ ಹಾದಿಗಳು ಕೂಡುವಲ್ಲಿ ಬೂದು ಮಚ್ಚೆ ಕಾಣುವುದನ್ನು ಪಾರ್ಶ್ವ ಪ್ರತಿಬಂಧದಿಂದ, ಅಂದರೆ ಅಕ್ಕಪಕ್ಕದ ಕೋಶಗಳು ಒಂದನ್ನೊಂದು ತಡೆಯುವುದರಿಂದ, ವಿವರಿಸುವುದು ವಾಡಿಕೆ. ಹಾರ್ಟ್‌ಲೈನ್ ಹಾರ್ಸ್‌ಶೂ ಏಡಿಯ ಕಣ್ಣಿನಲ್ಲಿ ಈ ತಡೆಯನ್ನು ತೋರಿಸಿದ್ದು ನಿಜ. 1967ರ ನೊಬೆಲ್ ಹಂಚಿಕೊಂಡರು. ಆದರೆ ಹಾದಿಗಳನ್ನು ನೇರ ಬಿಡದೆ ಸ್ವಲ್ಪ ಅಲೆಅಲೆಯಾಗಿ ಬರೆದರೆ ಮಚ್ಚೆಗಳು ಹೊರಟುಹೋಗುತ್ತವೆ. ತಡೆಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಭ್ರಮೆ ಇಲ್ಲ! ಹಾಗಾದರೆ ಆ ವಿವರಣೆಯೊಂದೇ ಸಾಲದು. ಮೊದಲು ವಾಡಿಕೆಯ ವಿವರಣೆ ಬರೆದು, ಆಮೇಲೆ ಈ ಆಕ್ಷೇಪ ಸೇರಿಸಿ.

ದೃಷ್ಟಿಪಥದಲ್ಲಿ ಒಂದೇ ಒಂದು ಎಚ್ಚರಿಕೆ: ‘ಎಡಗಣ್ಣಿನ ಸುದ್ದಿ ಬಲ ಮಿದುಳಿಗೆ’ ಎಂದು ಬರೆಯಬೇಡಿ. ಎಡ ದೃಷ್ಟಿಕ್ಷೇತ್ರದ ಸುದ್ದಿ, ಎರಡೂ ಕಣ್ಣಿನಿಂದ, ಬಲ ಮಿದುಳಿಗೆ ಹೋಗುತ್ತದೆ. ಪ್ರತಿ ಕಣ್ಣಿನ ಮೂಗಿನ ಕಡೆಯ ಅರ್ಧದ ತಂತುಗಳು ಮಾತ್ರ ನಡುವೆ ದಾಟುತ್ತವೆ.

ಕಿವಿಗೆ ಬಂದರೆ, ಎಲ್ಲಕ್ಕಿಂತ ಮೊದಲು ಭೌತಿಕ ಪದಗಳನ್ನೂ ಅನುಭವದ ಪದಗಳನ್ನೂ ಬೇರೆ ಇಡಿ. ಆವರ್ತನ ಭೌತಿಕ, ಪಿಚ್ (ಸ್ವರದ ಏರು-ತಗ್ಗು) ಅನುಭವ. ಒತ್ತಡದ ಮಟ್ಟ ಭೌತಿಕ, ಸದ್ದಿನ ಜೋರು ಅನುಭವ. 0 ಡೆಸಿಬೆಲ್ ಎಂದರೆ ಸದ್ದೇ ಇಲ್ಲವೆಂದಲ್ಲ, 20 ಮೈಕ್ರೋಪಾಸ್ಕಲ್ ಒತ್ತಡ. 20 ಡೆಸಿಬೆಲ್ ಏರಿದರೆ ಒತ್ತಡ 10 ಪಟ್ಟು. ಜೋರು ಎರಡು ಪಟ್ಟಾದಂತೆ ಅನಿಸಲು ಸುಮಾರು 10 ಡೆಸಿಬೆಲ್ ಸಾಕು. ತಲಾ 60 ಡೆಸಿಬೆಲ್‌ನ ಎರಡು ಬೇರೆ ಬೇರೆ ಗದ್ದಲ ಕೂಡಿದರೆ 63 ಆಗುತ್ತದೆ, 120 ಅಲ್ಲ.

ಒಳಗಿವಿಯ ಸುರುಳಿಯಾದ ಕಾಕ್ಲಿಯಾವನ್ನು ಬಿಚ್ಚಿದರೆ ಸುಮಾರು 35 ಮಿ.ಮೀ. ಉದ್ದ. ಚಿತ್ರದಲ್ಲಿ ಎಲ್ಲರೂ ತಪ್ಪುವ ಅಂಶ: ಸುರುಳಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಅದರೊಳಗಿನ ಬೇಸಿಲಾರ್ ಪೊರೆ ಮಾತ್ರ ಬುಡದಲ್ಲಿ ಕಿರಿದು ಮತ್ತು ಬಿಗಿ, ತುದಿಯಲ್ಲಿ ಅಗಲ ಮತ್ತು ಸಡಿಲ. ಬಿಗಿಯಾದ ಬುಡ ಹೆಚ್ಚಿನ ಆವರ್ತನಕ್ಕೆ, ಸಡಿಲ ತುದಿ ಕಡಿಮೆ ಆವರ್ತನಕ್ಕೆ ಹೆಚ್ಚು ಅಲುಗುತ್ತದೆ. ಬೆಕೆಸಿ 1961ರಲ್ಲಿ ನೊಬೆಲ್ ಪಡೆದದ್ದು ಈ ಕೆಲಸಕ್ಕೆ. ಅವರು ಅಳೆದದ್ದು ಹೆಚ್ಚಾಗಿ ಶವಗಳ ಕಿವಿಯಲ್ಲಿ; ಜೀವಂತ ಕಿವಿಯಲ್ಲಿ ಅಲುಗಾಟ ಇನ್ನೂ ಮೊನಚು, ಯಾಕೆಂದರೆ ಹೊರ ರೋಮಕೋಶಗಳು ತಾವೇ ಕುಗ್ಗಿ ಹಿಗ್ಗಿ ಅದನ್ನು ವರ್ಧಿಸುತ್ತವೆ. ಸ್ಥಾನ ಸಿದ್ಧಾಂತ (ಪೊರೆ ಎಲ್ಲಿ ಅಲುಗಿತು ಎಂಬುದರಿಂದ ಪಿಚ್), ಆವರ್ತನ ಸಿದ್ಧಾಂತ (ನರ ಎಷ್ಟು ವೇಗವಾಗಿ ಮಿಡಿಯಿತು ಎಂಬುದರಿಂದ ಪಿಚ್) ಇವುಗಳ ಜಗಳವೂ ಬಣ್ಣದ ಜಗಳದಂತೆಯೇ ಬಗೆಹರಿಯುತ್ತದೆ. ನರದ ಮಿಡಿತ ಅಲೆಯ ಹೆಜ್ಜೆಗೆ ಹೆಜ್ಜೆ ಹಾಕುವುದು ಸುಮಾರು 4000–5000 ಹರ್ಟ್ಸ್‌ವರೆಗೆ. ಅದರ ಮೇಲೆ ಸ್ಥಾನವೇ ಆಧಾರ.

ಸ್ಪರ್ಶದ ಎರಡು-ಬಿಂದು ಪರೀಕ್ಷೆಯಲ್ಲಿ, ಅಂದರೆ ಚರ್ಮಕ್ಕೆ ತಾಗಿದ ಎರಡು ತುದಿಗಳು ಎರಡೆಂದು ತಿಳಿಯುವ ಕನಿಷ್ಠ ಅಂತರ ಅಳೆಯುವಾಗ, ಬೆರಳತುದಿಗೆ 2–3 ಮಿ.ಮೀ., ಮುಂಗೈಗೆ 35–40 ಮಿ.ಮೀ. ಸುಮಾರಿಗೆ ಬರಬೇಕು. ಮುಂಗೈಯಲ್ಲಿ 10 ಬಂದಿದ್ದರೆ ಎರಡು ತುದಿಗಳೂ ಒಟ್ಟಿಗೆ ತಾಗಿಲ್ಲ ಎಂದು ಅನುಮಾನಿಸಿ. ಒಂದು ಮೊದಲು, ಒಂದು ಆಮೇಲೆ ತಾಗಿದರೆ ಯಾರಿಗಾದರೂ ಎರಡೆಂದು ತಿಳಿಯುತ್ತದೆ. ನಡುನಡುವೆ ಒಂದೇ ತುದಿ ತಾಗಿಸುವ ಪ್ರಯತ್ನಗಳನ್ನೂ ಬೆರೆಸಿ, ಇಲ್ಲದಿದ್ದರೆ ಫಾಲ್ಸ್ ಅಲಾರ್ಮ್ ಲೆಕ್ಕಕ್ಕೇ ಸಿಗುವುದಿಲ್ಲ.

ಗ್ರಹಿಕೆಯ ಅಧ್ಯಾಯಗಳಲ್ಲಿ ಗಾತ್ರ ಸ್ಥಿರತೆಯನ್ನು (ವಸ್ತು ದೂರ ಹೋದರೂ ಅದರ ಗಾತ್ರ ಅಷ್ಟೇ ಎಂದು ಕಾಣುವುದು) ಚೆನ್ನಾಗಿ ಹಿಡಿದುಕೊಂಡರೆ ಆಳದ ಸುಳಿವುಗಳು, ಭ್ರಮೆಗಳು ಎಲ್ಲ ಅದರ ಸುತ್ತ ಕೂಡಿಕೊಳ್ಳುತ್ತವೆ. 1941ರಲ್ಲಿ ಹಾಲ್ವೇ ಮತ್ತು ಬೋರಿಂಗ್ 10ರಿಂದ 120 ಅಡಿ ದೂರದಲ್ಲಿ ಬೆಳಕಿನ ವೃತ್ತಗಳನ್ನು ಇಟ್ಟರು. ಪ್ರತಿಯೊಂದರ ಗಾತ್ರವನ್ನೂ ಕಣ್ಣಿಗೆ ಸರಿಯಾಗಿ 1 ಡಿಗ್ರಿ ಆಗುವಂತೆ ಹೊಂದಿಸಿದ್ದರಿಂದ ರೆಟಿನಾದ ಮೇಲೆ ಎಲ್ಲವೂ ಒಂದೇ. 10 ಅಡಿ ದೂರದ ಇನ್ನೊಂದು ವೃತ್ತವನ್ನು ಹಿಗ್ಗಿಸಿ ಕುಗ್ಗಿಸಿ ಸಮ ಮಾಡಬೇಕು. ಎರಡೂ ಕಣ್ಣಿನಿಂದ ನೋಡಿದವರು ನಿಜ ಗಾತ್ರಕ್ಕೆ ತೀರಾ ಹತ್ತಿರ ಹೊಂದಿಸಿದರು. ಒಂದು ಕಣ್ಣು ಮುಚ್ಚಿಸಿ, ಸಣ್ಣ ತೂತಿನಿಂದ ನೋಡಿಸಿ, ಕೊನೆಗೆ ಸುತ್ತ ಪರದೆ ಕಟ್ಟಿ ಪ್ರತಿಫಲನವನ್ನೂ ತಡೆದಂತೆ ಆಳದ ಸುಳಿವು ಒಂದೊಂದಾಗಿ ಹೋಯಿತು, ತೀರ್ಪು ನಿಜ ಗಾತ್ರವನ್ನು ಬಿಟ್ಟು ದೃಷ್ಟಿಕೋನದ ಕಡೆ ಸರಿಯಿತು. ಅಂದರೆ ಗಾತ್ರ ಕಾಣುವುದಕ್ಕೆ ದೂರ ಗೊತ್ತಿರಬೇಕು. ಹಿಂದೆ ಹೇಳಿದ ಹಸಿರು ಚೌಕವನ್ನು ದಿಟ್ಟಿಸಿದ ಮೇಲೆ ಕಣ್ಣಲ್ಲಿ ಉಳಿಯುವ ಉತ್ತರಬಿಂಬವನ್ನು ಒಮ್ಮೆ 30 ಸೆಂ.ಮೀ. ದೂರದ ಹಾಳೆಯ ಮೇಲೆ, ಮತ್ತೊಮ್ಮೆ 3 ಮೀಟರ್ ದೂರದ ಗೋಡೆಯ ಮೇಲೆ ನೋಡಿ. ರೆಟಿನಾದ ಮೇಲಿನ ಗುರುತು ಅದೇ, ಗೋಡೆಯ ಮೇಲೆ ಮಾತ್ರ ಬಹಳ ದೊಡ್ಡದು. ಇದೇ ಎಮರ್ಟ್ ನಿಯಮ.

ಭ್ರಮೆಗಳ ಬಗ್ಗೆ ಬರೆಯುವಾಗ ‘ಕಣ್ಣು ಮೋಸ ಹೋಗುತ್ತದೆ’ ಎಂದು ಮುಗಿಸಬೇಡಿ. ದಿನವಿಡೀ ಸರಿಯಾದ ಗಾತ್ರ ಕಾಣಿಸುವ ಅದೇ ವ್ಯವಸ್ಥೆ, ದೂರದ ಸುಳಿವು ತಪ್ಪಿದಾಗ ತಪ್ಪು ಗಾತ್ರ ಕೊಡುತ್ತದೆ ಎಂಬುದು ಒಂದು ವಿವರಣೆ. ಮುಲ್ಲರ್-ಲಯರ್‌ಗೂ ಇದನ್ನು ಅನ್ವಯಿಸುತ್ತಾರೆ, ಕೋಣೆಯ ಮೂಲೆಯ ಹೋಲಿಕೆ ಕೊಟ್ಟು. ಆದರೆ ರೆಕ್ಕೆಗಳ ಬದಲು ಗೆರೆಯ ತುದಿಗಳಿಗೆ ವೃತ್ತ ಹಾಕಿದರೂ ಭ್ರಮೆ ಉಳಿಯುತ್ತದೆ, ಅಲ್ಲಿ ಮೂಲೆಯೇ ಇಲ್ಲ. ಈ ಆಕ್ಷೇಪವನ್ನೂ ಬರೆಯಿರಿ.

ಓದುವ ಕ್ರಮವನ್ನು ಹೀಗಿಟ್ಟುಕೊಳ್ಳಿ. ಪ್ರತಿ ವಿಷಯಕ್ಕೂ ಅರ್ಧ ಪುಟ: ಏನು ಕಾಣುತ್ತದೆ ಅಥವಾ ಕೇಳುತ್ತದೆ, ಅದನ್ನು ಅಳೆದದ್ದು ಹೇಗೆ, ಯಾವ ರಚನೆಯಿಂದ ಹಾಗಾಗುತ್ತದೆ, ವಿವರಣೆ ಎಲ್ಲಿ ಸೋಲುತ್ತದೆ. ಚಿತ್ರವನ್ನು ಪುಸ್ತಕ ಮುಚ್ಚಿ ಬರೆಯಿರಿ. ನೋಡಿ ನಕಲು ಮಾಡಿದ ಹತ್ತು ಚಿತ್ರಕ್ಕಿಂತ ಮುಚ್ಚಿ ಬರೆದು ತಪ್ಪಿದ ಒಂದು ಚಿತ್ರ ಹೆಚ್ಚು ಕಲಿಸುತ್ತದೆ. ಅದನ್ನೇ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರೆಯಿರಿ. ಪರೀಕ್ಷೆಯಲ್ಲಿ ನಕ್ಷೆ ಬರೆಯುವ ಮುನ್ನ ಎರಡೂ ಅಕ್ಷಗಳ ಹೆಸರು ಮತ್ತು ಏಕಮಾನ ಹಾಕಿ, ಆಮೇಲೆ ರೇಖೆ ಎಳೆಯಿರಿ. ಕತ್ತಲ ಹೊಂದಾಣಿಕೆಯ ರೇಖೆ ಮೇಲಕ್ಕೋ ಕೆಳಕ್ಕೋ ಎಂಬ ಗೊಂದಲ ಅಲ್ಲೇ ತೀರುತ್ತದೆ.